ಚಾರ್ಲ್ಸ್ ಬ್ಯಾಬೇಜ್

ಚಾರ್ಲ್ಸ್ ಬ್ಯಾಬೇಜ್ (ಡಿಸೆಂಬರ್ 26, 1791 – ಅಕ್ಟೋಬರ್ 18, 1871) ಇಂಗ್ಲೆಂಡಿನ ಗಣಿತಜ್ಞ, ಯಂತ್ರವಿನ್ಯಾಸಕ ಹಾಗೂ ಅರ್ಥಶಾಸ್ತ್ರದ ಲೇಖಕ. ಈತನನ್ನು ಗಣಕಯಂತ್ರದ ಪಿತಾಮಹನೆಂದು ಕರೆಯುವುದು ರೂಢಿ. ಆದರೆ ಈತ ಯೋಜಿಸಿದ ದೊಡ್ಡ ಯಂತ್ರಗಳಲ್ಲಿ ಒಂದೂ ಈತನ ಜೀವಿತಕಾಲದಲ್ಲಿ ಪೂರ್ಣಗೊಳ್ಳಲಿಲ್ಲ. ಲೆಕ್ಕ ಹಾಕಿ ಅಳೆದು ನೋಡುವ ತನ್ನ ಪದ್ಧತಿಯನ್ನು ಈತ ರೈಲ್ವೆ, ಅಂಚೆ, ದೀಪಸ್ತಂಭ, ಜೀವವಿಮೆ, ನೇತ್ರವೈದ್ಯ, ಗೂಢಲಿಪಿ ಮೊದಲಾದ ಕ್ಷೇತ್ರಗಳಿಗೂ ಅನ್ವಯಿಸಿದ.

ಜನನ ಮತ್ತು ವಿದ್ಯಾಭ್ಯಾಸ

ಬ್ಯಾಬೇಜ್ ಲಂಡನ್ನಿನಲ್ಲಿ ಜನಿಸಿದ. ತಂದೆ ಬೆಂಜಮಿನ್ ಬ್ಯಾಬೇಜ್ ಬ್ಯಾಂಕ್ ವ್ಯವಹಾರದಿಂದ ಸಿರಿವಂತನಾಗಿದ್ದವನು. 1810ರಲ್ಲಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜನ್ನು ಸೇರಿದ ಬ್ಯಾಬೇಜ್‌ಗೆ ಅಲ್ಲಿಯ ಗಣಿತ ಬೋಧನೆ ಹಳತೆನಿಸಿತು. ಕಲನಶಾಸ್ತ್ರದಲ್ಲಿ ಯೂರೋಪಿನ ಇತರ ದೇಶಗಳು ಲೈಬ್ನಿಟ್ಸ್‌ನ ಸಂಕೇತಗಳಿಂದ ಬಹುದೂರ ಮುಂದುವರಿದಿದ್ದರೂ ಕೇಂಬ್ರಿಜ್ ನ್ಯೂಟನ್ನನ ಮೇಲಿನ ಅಭಿಮಾನದಿಂದ ಅವನ ಚುಕ್ಕೆಗಳನ್ನೇ ಹಿಡಿದು ಕುಳಿತಿತ್ತು. 1812ರಲ್ಲಿ ಗೆಳೆಯರಾದ ಜಾನ್ ಹರ್ಷೆಲ್ ಮತ್ತು ಜಾರ್ಜ್ ಪೀಕಾಕ್ ಜೊತೆಗೂಡಿ ಬ್ಯಾಬೇಜ್ ಅನಾಲಿಟಿಕಲ್ ಸೊಸೈಟಿಯನ್ನು ಸ್ಥಾಪಿಸಿದ. 1814ರಲ್ಲಿ ಜಾರ್ಜಿಯಾನಾ ವಿಟ್‌ಮೋರ್ ಎಂಬಾಕೆಯನ್ನು ವಿವಾಹವಾದ. 1816ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು.

ಕೋಷ್ಟಕಗಳ ಸಮಸ್ಯೆ

ಆ ಕಾಲದಲ್ಲಿ ನಾವಿಕರು, ಖಗೋಳಜ್ಞರು, ಎಂಜಿನಿಯರುಗಳು, ವಿಮಾ ಕಂಪನಿಯವರು ಎಲ್ಲರೂ ಅಚ್ಚಾದ ಗಣಿತ ಕೋಷ್ಟಕಗಳನ್ನೇ ಅವಲಂಬಿಸಿದ್ದರು. ಈ ಕೋಷ್ಟಕಗಳನ್ನು ಮನುಷ್ಯರು ಕೈಯಿಂದ ಲೆಕ್ಕಮಾಡಿ, ಕೈಯಿಂದ ನಕಲುಮಾಡಿ, ಅಚ್ಚುಮೊಳೆಗಳನ್ನು ಕೈಯಿಂದ ಜೋಡಿಸುತ್ತಿದ್ದರು. ಮೂರು ಹಂತಗಳಲ್ಲಿಯೂ ತಪ್ಪು ನುಸುಳುತ್ತಿತ್ತು. ನಡುಗಡಲಿನಲ್ಲಿರುವ ನಾವಿಕನಿಗೆ ಒಂದು ಅಂಕಿಯ ತಪ್ಪು ಪ್ರಾಣಾಂತಿಕವಾಗಬಹುದಾಗಿತ್ತು. 1821ರಲ್ಲಿ ಹರ್ಷೆಲ್‌ನೊಡನೆ ಇಂತಹ ಕೋಷ್ಟಕಗಳ ಕರಡನ್ನು ತಾಳೆ ನೋಡುತ್ತಿದ್ದಾಗ ಬ್ಯಾಬೇಜ್ ದೋಷಗಳ ಸಂಖ್ಯೆಯನ್ನು ಕಂಡು ಬೇಸತ್ತ. ಈ ದುಡಿಮೆಯನ್ನು ಉಗಿಯ ಬಲದಿಂದ ಮಾಡಿಸುವಂತಿದ್ದರೆ ಎಂಬ ಆಸೆ ಆಗ ಮೂಡಿತು.

ಡಿಫರೆನ್ಸ್ ಎಂಜಿನ್

ಮರುವರ್ಷವೇ ಈತ ಒಂದು ಸಣ್ಣ ಮಾದರಿಯನ್ನು ಸಿದ್ಧಪಡಿಸಿ ಖಗೋಳ ಸಂಘಕ್ಕೆ ವರದಿ ಮಾಡಿದ. ಯಂತ್ರದ ತತ್ತ್ವವು ಶಾಲಾ ಬಾಲಕನಿಗೂ ತಿಳಿಯುವಂಥದು. 1, 4, 9, 16, 25 ಎಂಬ ವರ್ಗಸಂಖ್ಯೆಗಳ ನಡುವಿನ ವ್ಯತ್ಯಾಸಗಳು 3, 5, 7, 9. ಈ ವ್ಯತ್ಯಾಸಗಳ ನಡುವಿನ ವ್ಯತ್ಯಾಸ ಯಾವಾಗಲೂ 2. ಆದ್ದರಿಂದ 9ಕ್ಕೆ 2 ಕೂಡಿಸಿದರೆ 11, ಅದನ್ನು 25ಕ್ಕೆ ಕೂಡಿಸಿದರೆ 36. ಗುಣಾಕಾರವೇ ಇಲ್ಲದೆ ಬರಿಯ ಸಂಕಲನದಿಂದ ಇಡೀ ಕೋಷ್ಟಕ ಬೆಳೆಯುತ್ತ ಹೋಗುತ್ತದೆ. ಹಲ್ಲುಚಕ್ರಗಳು ಕೂಡಿಸಬಲ್ಲವು, ಅವೇ ಚಕ್ರಗಳು ಉತ್ತರವನ್ನು ಅಚ್ಚಿಗೂ ಇಳಿಸಿದರೆ ಮನುಷ್ಯನ ಕೈ ತಪ್ಪು ಮಾಡಲು ಅವಕಾಶವೇ ಉಳಿಯದು.

1823ರಲ್ಲಿ ಸರ್ಕಾರ ಧನಸಹಾಯ ನೀಡಿತು. ನಿರ್ಮಾಣದ ಹೊಣೆ ಜೋಸೆಫ್ ಕ್ಲೆಮೆಂಟ್ ಎಂಬ ನುರಿತ ಕುಶಲಕರ್ಮಿಯದಾಯಿತು. ಯಂತ್ರಕ್ಕೆ ಸುಮಾರು 25,000 ಬಿಡಿಭಾಗಗಳು ಬೇಕಿದ್ದವು. ಒಂದೇ ಅಳತೆಯ ನೂರಾರು ಭಾಗಗಳನ್ನು ತಯಾರಿಸುವ ಪದ್ಧತಿಯೇ ಆಗ ಬೆಳೆದಿರಲಿಲ್ಲವಾಗಿ ಅದಕ್ಕೆ ಬೇಕಾದ ಸಾಧನಗಳನ್ನೂ ಹೊಸದಾಗಿ ಮಾಡಿಕೊಳ್ಳಬೇಕಾಯಿತು. ಮುಂದೆ ಬ್ರಿಟನ್ನಿನಲ್ಲಿ ತಿರುಪುಮೊಳೆಯ ಅಳತೆಗಳನ್ನು ಏಕರೂಪಗೊಳಿಸಿದ ಜೋಸೆಫ್ ವಿಟ್‌ವರ್ತ್ ಕ್ಲೆಮೆಂಟ್‌ನ ಕಾರ್ಯಾಗಾರದಲ್ಲಿ ದುಡಿದವನೇ.

1827 ಬ್ಯಾಬೇಜ್‌ನ ಬಾಳಿನ ಅತ್ಯಂತ ದಾರುಣ ವರ್ಷ. ತಂದೆ, ಪತ್ನಿ ಮತ್ತು ಇಬ್ಬರು ಗಂಡುಮಕ್ಕಳು ಆ ಒಂದೇ ವರ್ಷದಲ್ಲಿ ತೀರಿಕೊಂಡರು. ಈತ ಕೆಲಸವನ್ನು ಬಿಟ್ಟು ಯೂರೋಪಿನಲ್ಲಿ ಸಂಚರಿಸಿದ. ಮರುವರ್ಷ ಹಿಂದಿರುಗಿದ ಈತ, ನ್ಯೂಟನ್ ಅಲಂಕರಿಸಿದ್ದ ಕೇಂಬ್ರಿಜ್‌ನ ಲ್ಯೂಕೇಸಿಯನ್ ಪೀಠದಲ್ಲಿ 1839ರವರೆಗೆ ಪ್ರಾಧ್ಯಾಪಕನಾಗಿದ್ದ. ಒಂದು ಉಪನ್ಯಾಸವನ್ನೂ ಕೊಡಲಿಲ್ಲವೆಂಬುದನ್ನು ಪಾಠ ಹೇಳಿ ಬದುಕಿದವರು ಮೆಚ್ಚಲಾರರು.

1832ರಲ್ಲಿ ಯಂತ್ರದ ಲೆಕ್ಕ ಮಾಡುವ ವಿಭಾಗದ ಸುಮಾರು ಏಳನೆಯ ಒಂದು ಪಾಲು ಸಿದ್ಧವಾಗಿ ಸೊಗಸಾಗಿ ಓಡಿತು. ಆದರೆ ಕಾರ್ಯಾಗಾರದ ಸ್ಥಳಾಂತರ ಹಾಗೂ ಹಣಪಾವತಿಯ ವಿಷಯದಲ್ಲಿ ಕ್ಲೆಮೆಂಟ್‌ನೊಡನೆ ಮನಸ್ತಾಪ ಬೆಳೆದು 1833ರಲ್ಲಿ ಕೆಲಸ ನಿಂತಿತು. 1842ರಲ್ಲಿ ಪ್ರಧಾನಿ ರಾಬರ್ಟ್ ಪೀಲ್‌ನ ಸರ್ಕಾರ ಯೋಜನೆಯನ್ನು ಕೈಬಿಡುವ ಹೊತ್ತಿಗೆ 17,000 ಪೌಂಡುಗಳಿಗೂ ಹೆಚ್ಚು ವೆಚ್ಚವಾಗಿತ್ತು. ಆ ಹಣದಲ್ಲಿ ಇಪ್ಪತ್ತಕ್ಕೂ ಹೆಚ್ಚು ರೈಲು ಎಂಜಿನ್‌ಗಳನ್ನು ಕೊಳ್ಳಬಹುದಾಗಿತ್ತು. ಬ್ಯಾಬೇಜ್ ಕೊನೆಯವರೆಗೂ ಸರ್ಕಾರವನ್ನೇ ದೂರಿದ. ಆದರೆ ಮೊದಲ ಯಂತ್ರ ಮುಗಿಯುವ ಮುನ್ನವೇ ಅದಕ್ಕಿಂತ ಉತ್ತಮವಾದ ಇನ್ನೊಂದನ್ನು ಕಂಡುಕೊಂಡಿರುವುದಾಗಿ ಹಣ ಕೊಟ್ಟವರಿಗೇ ತಿಳಿಸಿದ ಈತನ ವ್ಯವಹಾರವನ್ನು ಜಾಣತನವೆನ್ನಲಾಗದು.

ಅನಾಲಿಟಿಕಲ್ ಎಂಜಿನ್

ಆ ಇನ್ನೊಂದು ಯಂತ್ರ 1834ರಿಂದ ರೂಪುಗೊಂಡಿತು. ಇದು ಒಂದೇ ಬಗೆಯ ಕೋಷ್ಟಕಕ್ಕೆ ಸೀಮಿತವಾಗಿರದೆ ಯಾವ ಲೆಕ್ಕವನ್ನಾದರೂ ಮಾಡಬಲ್ಲದಾಗಿತ್ತು. ಸಂಖ್ಯೆಗಳನ್ನು ಕಾದಿಡುವ ಭಾಗವನ್ನು ಉಗ್ರಾಣವೆಂದೂ ಲೆಕ್ಕ ನಡೆಯುವ ಭಾಗವನ್ನು ಗಿರಣಿಯೆಂದೂ ಬ್ಯಾಬೇಜ್ ಹೆಸರಿಸಿದ. ಯಂತ್ರಕ್ಕೆ ಆಜ್ಞೆ ಕೊಡಲು ಜಕಾರ್ಡ್ ಮಗ್ಗದಲ್ಲಿ ರೇಷ್ಮೆಯ ಮೇಲೆ ಹೂಬಳ್ಳಿ ನೇಯಲು ಬಳಸುವ ರಂಧ್ರ ಕೊರೆದ ರಟ್ಟುಗಳನ್ನೇ ಆರಿಸಿಕೊಂಡ. ಬಂದ ಉತ್ತರವನ್ನು ನೋಡಿ ಮುಂದಿನ ಹೆಜ್ಜೆಯನ್ನು ಬದಲಿಸುವ, ಒಂದೇ ಕ್ರಿಯೆಯನ್ನು ಪುನರಾವರ್ತಿಸುವ ಏರ್ಪಾಡುಗಳೂ ಇದರಲ್ಲಿದ್ದವು.

1840ರಲ್ಲಿ ಬ್ಯಾಬೇಜ್ ಇಟಲಿಯ ಟ್ಯೂರಿನ್‌ನಲ್ಲಿ ಈ ಯಂತ್ರವನ್ನು ವಿವರಿಸಿದ. ಅದನ್ನು ಆಧರಿಸಿ ಲೂಯಿಜಿ ಮೆನಾಬ್ರಿಯ ಫ್ರೆಂಚಿನಲ್ಲಿ ಬರೆದ ಲೇಖನವನ್ನು ಏಡಾ ಲವ್‌ಲೇಸ್ 1843ರಲ್ಲಿ ಇಂಗ್ಲಿಷಿಗೆ ಅನುವಾದಿಸಿ, ಮೂಲಕ್ಕಿಂತ ದೀರ್ಘವಾದ ಟಿಪ್ಪಣಿಗಳನ್ನು ಸೇರಿಸಿದಳು. ಬರ್ನೂಲಿ ಸಂಖ್ಯೆಗಳನ್ನು ಲೆಕ್ಕಿಸುವ ಕ್ರಮವು ಇದರಲ್ಲಿದೆ. ಈಕೆಯನ್ನು ಮೊದಲ ಪ್ರೋಗ್ರಾಮರ್ ಎನ್ನುವ ಬಗ್ಗೆ ವಿವಾದವಿದೆ, ಏಕೆಂದರೆ ಬ್ಯಾಬೇಜ್ ಅದಕ್ಕೂ ಮೊದಲೇ ಅಂತಹ ಕೆಲವು ಕ್ರಮಗಳನ್ನು ಬರೆದಿಟ್ಟಿದ್ದ. ಆದರೆ ಇಂತಹ ಯಂತ್ರ ಸಂಖ್ಯೆಗಳಾಚೆಗೆ ಸಂಗೀತದಂತಹ ವಿಷಯಗಳನ್ನೂ ನಿರ್ವಹಿಸಬಹುದೆಂಬ ಹೊಳಹು ಏಡಾಳ ಟಿಪ್ಪಣಿಗಳಲ್ಲಿಯೇ ಸ್ಪಷ್ಟವಾಗಿ ಕಾಣುವುದು.

ಇತರ ಕ್ಷೇತ್ರಗಳಲ್ಲಿ

1838–39ರಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆಯು ಬ್ರೂನೆಲ್ ಹಾಕಿಸಿದ್ದ ಅಗಲ ಹಳಿಯ ಯೋಗ್ಯತೆಯ ಬಗ್ಗೆ ಚರ್ಚೆಗೆ ಸಿಲುಕಿತ್ತು. ಬ್ಯಾಬೇಜ್ ಒಂದು ಬೋಗಿಯೊಳಗೆ ಉಪಕರಣಗಳನ್ನು ಅಳವಡಿಸಿ, ಓಡುವ ರೈಲಿನ ಎಳೆತದ ಬಲವನ್ನೂ ಕುಲುಕಾಟವನ್ನೂ ಲೇಖನಿಗಳು ಕಾಗದದ ಸುರುಳಿಯ ಮೇಲೆ ತಾವೇ ಗೆರೆ ಎಳೆದು ದಾಖಲಿಸುವಂತೆ ಮಾಡಿದ. ವಾದದಿಂದ ತೀರದ ವಿಷಯವನ್ನು ಅಳತೆಯಿಂದ ತೀರ್ಮಾನಿಸಲು ಹೊರಟ ಈ ಪ್ರಯೋಗ ಈತನ ಸ್ವಭಾವಕ್ಕೆ ಒಳ್ಳೆಯ ನಿದರ್ಶನ. ಹಳಿಯ ಮೇಲಿನ ಅಡ್ಡಿಗಳನ್ನು ಪಕ್ಕಕ್ಕೆ ತಳ್ಳಲು ಎಂಜಿನ್ನಿನ ಮುಂಭಾಗಕ್ಕೆ ಕಟ್ಟುವ ಚೌಕಟ್ಟನ್ನೂ ಈತ ಸೂಚಿಸಿದ.

ಪತ್ರವನ್ನು ಸಾಗಿಸುವುದಕ್ಕಿಂತ ಅದನ್ನು ಸಂಗ್ರಹಿಸಿ, ವಿಂಗಡಿಸಿ, ಬಟವಾಡೆ ಮಾಡುವುದಕ್ಕೇ ಹೆಚ್ಚು ಖರ್ಚೆಂದು ಬ್ಯಾಬೇಜ್ ತೋರಿಸಿದ. 1840ರ ಏಕರೂಪ ಅಂಚೆ ದರದ ಹಿಂದೆಯೂ ಇದೇ ತರ್ಕವಿದೆ. ಪ್ರತಿಯೊಂದು ದೀಪಸ್ತಂಭವನ್ನೂ ಅದರ ಬೆಳಕು ಮರೆಯಾಗುವ ಲಯದಿಂದಲೇ ಗುರುತಿಸುವ ಕ್ರಮವನ್ನು ರೂಪಿಸಿದ. 1847ರಲ್ಲಿ ಕಣ್ಣಿನ ಒಳಭಾಗವನ್ನು ನೋಡುವ ಉಪಕರಣವೊಂದನ್ನು ಮಾಡಿ ವೈದ್ಯನೊಬ್ಬನಿಗೆ ಕೊಟ್ಟರೂ ಅದು ಬಳಕೆಗೆ ಬರಲಿಲ್ಲ. 1851ರಲ್ಲಿ ಅದೇ ಬಗೆಯ ಉಪಕರಣದ ಕೀರ್ತಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್‌ಗೆ ಸಂದಿತು. ಭೇದಿಸಲಾಗದೆಂದು ನಂಬಿದ್ದ ವಿಜ್ಞೆನೇರ್ ಗೂಢಲಿಪಿಯನ್ನು ಭೇದಿಸಿದರೂ ಅದನ್ನು ಪ್ರಕಟಿಸಲಿಲ್ಲ. ಕಾರ್ಖಾನೆಗಳನ್ನು ಸುತ್ತಿ ಬರೆದ, ಯಂತ್ರೋದ್ಯಮದ ಅರ್ಥವ್ಯವಸ್ಥೆಯನ್ನು ಕುರಿತ 1832ರ ಗ್ರಂಥವನ್ನು ಜಾನ್ ಸ್ಟುವರ್ಟ್ ಮಿಲ್ ಮತ್ತು ಕಾರ್ಲ್ ಮಾರ್ಕ್ಸ್ ಇಬ್ಬರೂ ಬಳಸಿಕೊಂಡರು.

ಕೊನೆಯ ದಿನಗಳು ಮತ್ತು ನಂತರ

1847–49ರಲ್ಲಿ ಬ್ಯಾಬೇಜ್ ಮೊದಲಿನದಕ್ಕಿಂತ ಬಹಳ ಕಡಿಮೆ ಭಾಗಗಳಿಂದಾಗುವ ಎರಡನೆಯ ಡಿಫರೆನ್ಸ್ ಎಂಜಿನ್‌ನ ನಕ್ಷೆಗಳನ್ನು ಪೂರ್ಣಗೊಳಿಸಿದ. ಸರ್ಕಾರ ಆಸಕ್ತಿ ತೋರಲಿಲ್ಲ. ಈ ನಡುವೆ ಸ್ವೀಡನ್ನಿನ ಶಾಯ್ಟ್ಸ್ ತಂದೆಮಕ್ಕಳು ಈತನ ವಿಚಾರದಿಂದ ಪ್ರೇರಿತರಾಗಿ ತಮ್ಮದೇ ಚಿಕ್ಕ ಯಂತ್ರವನ್ನು ಕಟ್ಟಿ ಮುಗಿಸಿದಾಗ, ಎಲ್ಲರೊಡನೆ ಜಗಳಕ್ಕೆ ಹೆಸರಾಗಿದ್ದ ಈ ಮನುಷ್ಯ ಅಸೂಯೆಪಡದೆ ಅವರನ್ನು ಬೆಂಬಲಿಸಿದ. ಮುಪ್ಪಿನಲ್ಲಿ ಬೀದಿ ವಾದ್ಯಗಾರರ ಗದ್ದಲದ ವಿರುದ್ಧ ಹೋರಾಡಿ ಜನರ ನಗೆಗೂ ಈಡಾದ.

ಈತನ ಮರಣಾನಂತರ, ಭಾರತದಲ್ಲಿ ಸೈನ್ಯಾಧಿಕಾರಿಯಾಗಿದ್ದು ನಿವೃತ್ತನಾದ ಮಗ ಹೆನ್ರಿ ತಂದೆಯ ಯಂತ್ರಗಳ ಕುರಿತ ಬರಹಗಳನ್ನು 1889ರಲ್ಲಿ ಪ್ರಕಟಿಸಿದ. ಗಿರಣಿಯ ಒಂದು ಭಾಗವನ್ನೂ ಕಟ್ಟಿಸಿದ. ಆ ಕಾಲದ ಲೋಹಕೆಲಸದ ನಿಖರತೆ ಸಾಲದೆ ಬ್ಯಾಬೇಜ್ ಸೋತನೆಂಬ ಅಭಿಪ್ರಾಯ ಬಹುಕಾಲ ಉಳಿದಿತ್ತು. ಲಂಡನ್ನಿನ ಸೈನ್ಸ್ ಮ್ಯೂಸಿಯಂ ಎರಡನೆಯ ಡಿಫರೆನ್ಸ್ ಎಂಜಿನ್ನನ್ನು ಮೂಲ ನಕ್ಷೆಗಳಂತೆ, 19ನೆಯ ಶತಮಾನದಲ್ಲಿ ಸಾಧ್ಯವಿದ್ದ ನಿಖರತೆಯನ್ನು ಮೀರದೆ, ನಿರ್ಮಿಸಿ ಈ ಅಭಿಪ್ರಾಯವನ್ನು ಪರೀಕ್ಷಿಸಿತು. ಲೆಕ್ಕದ ಭಾಗ 1991ರಲ್ಲಿ, ಬ್ಯಾಬೇಜ್‌ನ ದ್ವಿಶತಮಾನೋತ್ಸವದ ವರ್ಷದಲ್ಲಿ, ಸರಿಯಾದ ಉತ್ತರಗಳನ್ನು ಕೊಟ್ಟಿತು. ಅಚ್ಚೊತ್ತುವ ಭಾಗ 2002ರಲ್ಲಿ ಸೇರಿತು. ಬ್ಯಾಬೇಜ್‌ನ ಮೆದುಳಿನ ಅರ್ಧಭಾಗವನ್ನೂ ಇದೇ ಮ್ಯೂಸಿಯಂ ಸಂರಕ್ಷಿಸಿದೆ.