ಡಾ. ಎಚ್. ನರಸಿಂಹಯ್ಯ: ಪ್ರಶ್ನೆಯನ್ನೇ ವ್ರತವಾಗಿಸಿಕೊಂಡವರು

ನಂದಿ ಬೆಟ್ಟದ ಪಕ್ಕದ ಗೋಪಿನಾಥ ಬೆಟ್ಟದಲ್ಲಿ ಅರ್ಹಂತರ ಚೈತ್ಯವನ್ನು ಕೊಂಡಾಡುವ ಪ್ರಾಚೀನ ಜೈನ ಶಾಸನವಿದೆ. ಅದೇ ಸೀಮೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರ ಜೂನ್ 6ರಂದು ಬಡ ಕುಟುಂಬವೊಂದರಲ್ಲಿ ಎಚ್. ನರಸಿಂಹಯ್ಯನವರು ಜನಿಸಿದರು. ಮುಂದೆ ನಾಡು ಅವರನ್ನು ವಿಚಾರವಾದಿ ಎಂದು ಗುರುತಿಸಿತು. ಆದರೆ ಅವರ ಜೀವನಕ್ರಮ ವ್ರತಿಗಳನ್ನು ನೆನಪಿಸುವಂತಿತ್ತು.

ಓದುವ ಹಂಬಲದಿಂದ ಹುಡುಗ ಊರಿನಿಂದ ಬೆಂಗಳೂರಿಗೆ ನಡೆದೇ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದರು. ನಂದಿ ಬೆಟ್ಟದಲ್ಲಿ ವಿಶ್ರಾಂತಿ ಪಡೆದಿದ್ದ ಗಾಂಧೀಜಿ 1936ರಲ್ಲಿ ಆ ಶಾಲೆಗೆ ಬಂದಾಗ, ಅವರ ಹಿಂದಿ ಮಾತುಗಳನ್ನು ಕನ್ನಡಕ್ಕೆ ತಿಳಿಸಿದವರು ಈ ವಿದ್ಯಾರ್ಥಿಯೇ. 1942ರ ಚಳವಳಿಯಲ್ಲಿ ಸೆರೆಮನೆ ಕಂಡರು. 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು ಮರಳಿ, ಅದೇ ಕಾಲೇಜಿನ ಪ್ರಾಂಶುಪಾಲರಾದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿ ವಿಜ್ಞಾನವನ್ನು ಜನಸಾಮಾನ್ಯರ ಬಳಿಗೆ ತಂದರು.

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಸಮಿತಿ ರಚಿಸಿದರು. ಪವಾಡಗಳಿಗೆ ಹೆಸರಾಗಿದ್ದ ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದು ಪರೀಕ್ಷೆಗೆ ಅವಕಾಶ ಕೋರಿದರು, ಉತ್ತರ ಬರಲಿಲ್ಲ. ಭಕ್ತರ ವಿರೋಧ ಬಂತು. ಆದರೂ ಪ್ರಶ್ನಿಸುವುದನ್ನು ಅವರು ಬಿಡಲಿಲ್ಲ.

ಇಲ್ಲಿ ಶ್ರಾವಕರು ಗಮನಿಸಬೇಕಾದ ಅಂಶವೊಂದಿದೆ. ಜೈನ ದರ್ಶನ ಸೃಷ್ಟಿಕರ್ತನಾದ ಈಶ್ವರನನ್ನು ಒಪ್ಪುವುದಿಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಅಮೂಢದೃಷ್ಟಿಯೂ ಒಂದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಲೋಕಮೂಢತೆ, ದೇವಮೂಢತೆ, ಪಾಷಂಡಿಮೂಢತೆಗಳನ್ನು ತೊರೆಯಲು ಬೋಧಿಸುತ್ತದೆ. ಹಾಗೆಂದು ನರಸಿಂಹಯ್ಯನವರನ್ನು ಜೈನರೆನ್ನುವುದು ಸಲ್ಲದು. ಆತ್ಮ, ಕರ್ಮ, ಮೋಕ್ಷಗಳಲ್ಲಿ ಶ್ರದ್ಧೆಯಿಡುವ ದರ್ಶನಕ್ಕೂ ಪ್ರಯೋಗವನ್ನೇ ಪ್ರಮಾಣವೆನ್ನುವ ವಿಚಾರವಾದಕ್ಕೂ ಅಂತರವಿದೆ. ಆದರೆ ಕಣ್ಣುಮುಚ್ಚಿ ನಂಬಬಾರದು ಎಂಬಲ್ಲಿ ಎರಡೂ ಕೂಡುತ್ತವೆ.

ದೇವರೇ ಸತ್ಯ ಎನ್ನುತ್ತಿದ್ದ ಗಾಂಧೀಜಿ ಮುಂದೆ ಸತ್ಯವೇ ದೇವರು ಎಂಬ ನಿಲುವಿಗೆ ಬಂದದ್ದೂ ಇದೇ ಕಾರಣಕ್ಕೆ: ದೇವರನ್ನು ಅಲ್ಲಗಳೆಯುವವನೂ ಸತ್ಯವನ್ನು ಅಲ್ಲಗಳೆಯುವುದಿಲ್ಲ. ನಂಬುವವನು, ತಿಳಿಯದು ಎನ್ನುವವನು, ಇಲ್ಲ ಎನ್ನುವವನು, ಮೂವರೂ ಪ್ರಾಮಾಣಿಕರಾಗಿದ್ದರೆ ಅರಸುವುದು ಸತ್ಯವನ್ನೇ. ಅವರ ನಿಲುವಿಗೆ ಸಾಕ್ಷಿ ಅವರ ನಡತೆ.

ನರಸಿಂಹಯ್ಯನವರ ನಡತೆ ಎಲ್ಲರ ಕಣ್ಣೆದುರಿಗಿತ್ತು. ಅವಿವಾಹಿತರಾಗಿ, ಖಾದಿ ತೊಟ್ಟು, ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಬಾಳಿದರು. ಗೌರಿಬಿದನೂರು, ಬಾಗೇಪಲ್ಲಿಗಳಲ್ಲೂ ನ್ಯಾಷನಲ್ ಕಾಲೇಜುಗಳು ಬೆಳೆಯಲು ದುಡಿದರು. ಪದ್ಮಭೂಷಣ ಬಂದ ಮೇಲೂ ಕೋಣೆ ಬದಲಾಗಲಿಲ್ಲ. 2005ರ ಜನವರಿ 31ರಂದು ನಿಧನರಾದರು. ಅಪರಿಗ್ರಹವನ್ನು ಅಣುವ್ರತವಾಗಿ ಸ್ವೀಕರಿಸಿದ ಶ್ರಾವಕರಿಗೆ, ಯಾವ ವ್ರತದ ಹೆಸರನ್ನೂ ಹೇಳದೆ ಹಾಗೆ ಬಾಳಿದ ಈ ಜೀವನ ಆತ್ಮಾವಲೋಕನಕ್ಕೆ ಕನ್ನಡಿಯಾಗಬಲ್ಲದು.