ಮನೆಯಂಗಳದ ಬಾನುಲಿ: ಡಾ. ಎಂ. ವಿ. ಗೋಪಾಲಸ್ವಾಮಿ

ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಪ್ರೇಷಕದ ಶಕ್ತಿ 30 ವ್ಯಾಟ್, ಒಂದು ಸಣ್ಣ ದೀಪದಷ್ಟು! ಟ್ರಾನ್ಸಿಸ್ಟರ್ ಇನ್ನೂ ಹುಟ್ಟದ ಆ ಕಾಲದಲ್ಲಿ ದನಿಯನ್ನು ಹಿಗ್ಗಿಸುತ್ತಿದ್ದುದು ಗಾಜಿನ ವಾಲ್ವುಗಳೇ: ಕಾದ ಕ್ಯಾಥೋಡು ಎಲೆಕ್ಟ್ರಾನುಗಳನ್ನು ಹೊಮ್ಮಿಸುತ್ತಿತ್ತು, ನಡುವಣ ಜಾಲರಿ ಅವುಗಳ ಹರಿವನ್ನು ದನಿಗೆ ತಕ್ಕಂತೆ ಏರಿಳಿಸುತ್ತಿತ್ತು. (ಆಲಸನತ್ತದ ಅಟ್ಟಗಳಲ್ಲಿ ಹಳೆಯ ರೇಡಿಯೋ ಉಳಿದಿದ್ದರೆ ಅದರ ವಾಲ್ವನ್ನು ಪೋಷಕರು ನೋಡಬೇಕೆಂದು ಬಯಸುತ್ತೇವೆ. ಗಾಜಿನ ಮೇಲೆ ‘ಇಎಲ್ 84’ ಎಂದಿದ್ದರೆ, ‘ಇ’ 6.3 ವೋಲ್ಟಿನ ತಂತುವನ್ನೂ ‘ಎಲ್’ ಸ್ಪೀಕರಿಗೆ ಬಲ ತುಂಬುವ ಪೆಂಟೋಡನ್ನೂ ಸೂಚಿಸುತ್ತದೆ.) ಸ್ವಂತ ಹಣ ಸುರಿದು ವರ್ಷಗಟ್ಟಲೆ ನಡೆಸಿದ ಕೇಂದ್ರವನ್ನು ಅವರು 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನಕ್ಕೆ ಒಪ್ಪಿಸಿಬಿಟ್ಟರು. ಅಧ್ಯಾಪಕರೊಬ್ಬರ ಈ ಹುಚ್ಚನ್ನು ನಾವು ಅಭಿಮಾನದಿಂದಲೇ ನೆನೆಯುತ್ತೇವೆ. ಕೇಂದ್ರ ಕೈಬಿಟ್ಟರೂ ‘ಆಕಾಶವಾಣಿ’ ಎಂಬ ಅದರ ಹೆಸರು ಮುಂದೆ ಇಡೀ ದೇಶದ ಬಾನುಲಿಗೆ ಸಂದಿತು.