ಸೋಲನ್ನೂ ಬರೆದಿಟ್ಟ ರೊನಾಲ್ಡ್ ರಾಸ್

ನಮ್ಮ ಶಾಲೆಯಲ್ಲಿ ಚಾಮರಾಜಪೇಟೆ, ಬಸವನಗುಡಿಯ ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದ ಮೊದಲ ವರ್ಷಗಳಲ್ಲಿ, ಪ್ರಯೋಗದ ಫಲಿತಾಂಶ ತಪ್ಪಿದರೆ ಅಳಿಸಿ ಸರಿಯಾದದ್ದನ್ನು ಬರೆಯಿರಿ ಎನ್ನುತ್ತಿದ್ದೆ. ಆ ಅಭ್ಯಾಸ ಬಿಡಿಸಿದವರು ಸರ್ ರೊನಾಲ್ಡ್ ರಾಸ್.

1857ರಲ್ಲಿ ಅಲ್ಮೋರಾದಲ್ಲಿ ಹುಟ್ಟಿದ ರಾಸ್, ಸೇನೆಯ ವೈದ್ಯರಾಗಿ 1883ರಲ್ಲಿ ಬೆಂಗಳೂರು ದಂಡಿಗೆ ಬಂದರು. ಬಂಗಲೆಯಲ್ಲಿ ವಿಪರೀತ ಸೊಳ್ಳೆ. ಕಿಟಕಿಯಾಚೆಯ ತೊಟ್ಟಿಯಲ್ಲಿ ಮರಿಗಳನ್ನು ಕಂಡು ನೀರು ಚೆಲ್ಲಿಸಿದರು, ಕಾಟ ತಗ್ಗಿತು.

ಮಲೇರಿಯಾಕ್ಕೂ ಸೊಳ್ಳೆಗೂ ನಂಟಿದೆಯೆಂಬ ಊಹೆಯನ್ನು ಅವರಿಗೆ 1894ರಲ್ಲಿ ತಿಳಿಸಿದವರು ಲಂಡನ್ನಿನ ಪ್ಯಾಟ್ರಿಕ್ ಮ್ಯಾನ್ಸನ್. ರಾಸ್ ಹುಡುಕಾಟಕ್ಕಿಳಿದರು. 1895ರಲ್ಲಿ ಕಾಲರಾ ತಡೆಯಲೆಂದು ಸರ್ಕಾರ ಅವರನ್ನು ಮತ್ತೆ ಬೆಂಗಳೂರಿಗೆ ಕಳುಹಿಸಿತು, ಹುಡುಕಾಟ ಕುಂಟಿತು. ಬಹುಕಾಲ ಸೀಳಿ ನೋಡಿದ್ದೆಲ್ಲ ಬೇರೆ ಜಾತಿಯ ಸೊಳ್ಳೆಗಳು. ಆದರೂ ಒಂದೊಂದು ಸೋಲನ್ನೂ ಮುಚ್ಚಿಡದೆ ಮ್ಯಾನ್ಸನ್ನರಿಗೆ ಕಾಗದ ಬರೆದರು. ಅಲ್ಲಿಂದ ಧೈರ್ಯದ ಉತ್ತರಗಳು ಬರುತ್ತಿದ್ದವು.

1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ರೋಗಾಣು ಕಂಡಿತು. ಮರುವರ್ಷ ಕಲ್ಕತ್ತಾದಲ್ಲಿ, ಹಕ್ಕಿಗಳ ಮಲೇರಿಯಾ ಸೊಳ್ಳೆ ಕಚ್ಚುವುದರಿಂದ ಹರಡುತ್ತದೆಂದು ತೋರಿಸಿದರು. 1900ರಲ್ಲಿ ಕ್ಯೂಬಾದಲ್ಲಿ ವಾಲ್ಟರ್ ರೀಡರ ತಂಡ, ಹಳದಿ ಜ್ವರವನ್ನು ಹರಡುವುದೂ ಸೊಳ್ಳೆಯೇ ಎಂದು ಸಾಬೀತುಪಡಿಸಿತು. 1902ರಲ್ಲಿ ರಾಸ್ ಅವರಿಗೆ ನೊಬೆಲ್ ಬಂತು. 1932ರಲ್ಲಿ ತೀರಿಕೊಂಡರು.

ಆ ಕಾಗದಗಳು ಇಂದಿಗೂ ಲಂಡನ್ನಿನಲ್ಲಿ ಜೋಪಾನವಾಗಿವೆ. ಅವುಗಳ ವಿಷಯ ಓದಿದ ಮೇಲೆ ನಾನು ಮಕ್ಕಳ ಕೈಯಿಂದ ತಪ್ಪು ಫಲಿತಾಂಶ ಅಳಿಸಲಿಲ್ಲ. ಹಾಗೇ ಬಿಡಿ, ಪಕ್ಕದಲ್ಲಿ ಕಾರಣ ಬರೆಯಿರಿ ಎಂದೆ. ಮೊದಲೇ ಹಾಗೆ ಹೇಳಬೇಕಿತ್ತು.